ಐದನೇ ಸೆಮಿಸ್ಟರ್ ಅರ್ಥಶಾಸ್ತ್ರ: ಎಕನಾಮೆಟ್ರಿಕ್ಸ್ ತಗೊಳ್ಳೋದಾ, ಬಿಡೋದಾ?

ಹೊಂಡದ_ಸರ್ಕಲ್

ಬಿಎ ಐದನೇ ಸೆಮಿಸ್ಟರ್‌ಗೆ ಐಚ್ಛಿಕ ಪತ್ರಿಕೆ ಬರೆದುಕೊಡಬೇಕು. ಎದುರಿಗಿರೋದು ಮೂರು: ಎಕನಾಮೆಟ್ರಿಕ್ಸ್ (ಅಂಕಿಅಂಶದಿಂದ ಆರ್ಥಿಕ ಸಂಬಂಧ ಅಳೆಯೋದು), ಸಾರ್ವಜನಿಕ ಹಣಕಾಸು, ಗ್ರಾಮೀಣಾಭಿವೃದ್ಧಿ. ಪಿಯುಸಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ), ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿದಿದೆ. ಮುಂದೆ ಎಂಎ ಮಾಡೋ ಯೋಚನೆ. ಆರನೇ ಸೆಮಿಸ್ಟರ್‌ಗೆ ಪ್ರಾಜೆಕ್ಟ್ ಬೇರೆ ಇದೆ, ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಬೆಲೆ ಮೇಲೆ ಮಾಡೋಣ ಅಂತ. ಗಣಿತ ಬಿಟ್ಟವರು ಎಕನಾಮೆಟ್ರಿಕ್ಸ್ ದಾಟಬಹುದಾ? ಎಷ್ಟು ಗಣಿತ ಬೇಕು ಅಂತ ಬಿಡಿಸಿ ಹೇಳಿ, "ಬೇಸಿಕ್ಸ್ ಸಾಕು" ಅನ್ನಬೇಡಿ.

ಶಿವಗಂಗೋತ್ರಿ_ಬಸ್ಸು

ತಗೊಳ್ಳಿ. ಬಿಎ ಮಟ್ಟದಲ್ಲಿ ಬೇಕಾಗೋ ಗಣಿತ ಇಷ್ಟೇ: ಸಿಗ್ಮಾ ಚಿಹ್ನೆ ಬಿಡಿಸೋದು, ಲಾಗ್ ನಿಯಮಗಳು, ಘಾತದ ಮತ್ತು ಲಾಗ್‌ನ ಅವಕಲನ (ಡಿಫರೆನ್ಸಿಯೇಷನ್), ಎರಡು ಚರ ಇದ್ದಾಗ ಒಂದನ್ನು ಹಿಡಿದು ಇನ್ನೊಂದರ ಮೇಲೆ ಅವಕಲನ, ಎರಡು ಸಮೀಕರಣ ಒಟ್ಟಿಗೆ ಬಿಡಿಸೋದು. ಅದರ ಮೇಲೆ ಸರಾಸರಿ, ವಿಚಲನೆ, ಟಿ ಕೋಷ್ಟಕ ಓದೋದು. ಮ್ಯಾಟ್ರಿಕ್ಸ್ ಎಂಎಗೆ ಬಂದಾಗ ನೋಡಿಕೊಂಡರಾಯಿತು. ದಿನಕ್ಕೆ ಒಂದು ಗಂಟೆಯಂತೆ ಆರು ವಾರ ಕೂತರೆ ಇಷ್ಟು ಕೈಗೆ ಹತ್ತುತ್ತೆ. ಕೂತರೆ ಅನ್ನೋದನ್ನ ಎರಡು ಸಲ ಓದಿ.

ಬಹಳ ಜನ ಎಡವೋದು ಗಣಿತದಲ್ಲಲ್ಲ. ಸೂತ್ರ ಬಾಯಿಪಾಠ ಮಾಡಿ ಒಂದು ಸಲವೂ ಕೈಯಲ್ಲಿ ಲೆಕ್ಕ ಹಾಕದೇ ಸಾಫ್ಟ್‌ವೇರ್‌ಗೆ ಹೋಗೋದರಲ್ಲಿ. ಒಂದು ರಿಗ್ರೆಷನ್ (ಅಂಕಿಗಳಿಗೆ ಹತ್ತಿರದ ರೇಖೆ ಹೊಂದಿಸೋದು) ಪೂರ್ತಿ ಕೈಯಲ್ಲೇ ಮಾಡಿ. ಅಭ್ಯಾಸಕ್ಕೆ ನಾನೇ ಕೂಡಿಸಿದ ಅಂಕಿ ಇದು: ಎಕರೆಗೆ ಗೊಬ್ಬರದ ಚೀಲ 1, 2, 3, 4, 5, ಇಳುವರಿ 12, 15, 19, 20, 24 ಕ್ವಿಂಟಲ್.

ಚೀಲದ ಸರಾಸರಿ 3, ಇಳುವರಿಯ ಸರಾಸರಿ 18. ಪ್ರತಿ ಸಾಲಿನಲ್ಲಿ ಸರಾಸರಿಯಿಂದ ಎಷ್ಟು ದೂರ ಅಂತ ಬರೆದು, ಎರಡೂ ದೂರಗಳನ್ನು ಗುಣಿಸಿ ಕೂಡಿ: 12 + 3 + 0 + 2 + 12 = 29. ಚೀಲದ ದೂರಗಳ ವರ್ಗ ಕೂಡಿದರೆ 10. ಇಳಿಜಾರು 29 ÷ 10 = 2.9. ಸ್ಥಿರಾಂಕ 18 − (2.9 × 3) = 9.3. ಈಗ ರೇಖೆ ಹೇಳೋ ಇಳುವರಿ 12.2, 15.1, 18.0, 20.9, 23.8. ನಿಜವಾದದ್ದರಲ್ಲಿ ಇದನ್ನ ಕಳೆದರೆ ಉಳಿಕೆ −0.2, −0.1, 1.0, −0.9, 0.2. ಕೂಡಿ ನೋಡಿ, ಸೊನ್ನೆ ಬರಬೇಕು. ಬರಲಿಲ್ಲ ಅಂದರೆ ಮೇಲೆ ಎಲ್ಲೋ ತಪ್ಪಿದೆ, ಮುಂದಕ್ಕೆ ಹೋಗಬೇಡಿ.

ಉಳಿಕೆಗಳ ವರ್ಗದ ಮೊತ್ತ 1.90. ಇಳುವರಿಯ ಒಟ್ಟು ವ್ಯತ್ಯಾಸ 86. ಆರ್-ಸ್ಕ್ವೇರ್, ಅಂದರೆ ಆ ವ್ಯತ್ಯಾಸದಲ್ಲಿ ರೇಖೆ ವಿವರಿಸಿದ ಪಾಲು, 1 − 1.90/86, ಸುಮಾರು 0.978. ಐದು ಸಾಲಿನಲ್ಲಿ ಎರಡು ಅಂಕಿ ಅಂದಾಜು ಮಾಡಿದ್ದಕ್ಕೆ ಸ್ವಾತಂತ್ರ್ಯದ ಮಟ್ಟ 3. 1.90 ÷ 3 = 0.633, ಅದನ್ನ 10ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಇಳಿಜಾರಿನ ಪ್ರಮಾಣಿತ ದೋಷ (ಅಂದಾಜು ಎಷ್ಟು ಅಲುಗಾಡಬಹುದು ಅನ್ನೋ ಅಳತೆ) 0.252. ಟಿ ಬೆಲೆ 2.9 ÷ 0.252, ಅಂದರೆ 11.5. ಕೋಷ್ಟಕದಲ್ಲಿ ಶೇ. 5ರ ಮಟ್ಟಕ್ಕೆ 3.182. ದಾಟಿತು, ಅಂದರೆ ಈ ಇಳಿಜಾರು ಬರೀ ಆಕಸ್ಮಿಕ ಅನ್ನೋ ಹಾಗಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗೋ ತಪ್ಪು 3ರ ಬದಲು 5ರಿಂದ ಭಾಗಿಸೋದು. ಆಗ ದೋಷ ಚಿಕ್ಕದಾಗಿ ಕಾಣುತ್ತೆ, ಎಲ್ಲವೂ ಮಹತ್ವದ್ದೇ ಅಂತ ತೋರುತ್ತೆ.

ಜೋಗಿಮಟ್ಟಿ

ಲೆಕ್ಕ ಸರಿ. ಆದ್ರೆ ಎಲ್ಲರನ್ನೂ ಎಕನಾಮೆಟ್ರಿಕ್ಸ್‌ಗೆ ತಳ್ಳೋದು ಸರಿಯಲ್ಲ ಸರ್. ಕೆಎಎಸ್, ಪಿಡಿಒ ಅಂತ ಓದೋರಿಗೆ ಸಾರ್ವಜನಿಕ ಹಣಕಾಸು ನೇರ ಉಪಯೋಗ. ಅದೂ ಬರೀ ಬಾಯಿಪಾಠದ ಪತ್ರಿಕೆ ಅಲ್ಲ.

ಹಣಕಾಸು ಆಯೋಗವನ್ನೇ ತಗೊಳ್ಳಿ. ರಾಜ್ಯಗಳಿಗೆ ಹಂಚೋ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ. 4.713 ಇದ್ದದ್ದು 15ನೇದರಲ್ಲಿ ಶೇ. 3.647ಕ್ಕೆ ಬಂತು. ಉತ್ತರಪತ್ರಿಕೆಯಲ್ಲಿ "ಅನ್ಯಾಯ ಆಯಿತು" ಅಂತ ಬರೆದರೆ ಅಂಕ ಬರಲ್ಲ. ಸೂತ್ರ ಬಿಡಿಸಬೇಕು. 15ನೇ ಆಯೋಗದ ತೂಕಗಳು: ಆದಾಯದ ಅಂತರ 45, ಜನಸಂಖ್ಯೆ 15, ವಿಸ್ತೀರ್ಣ 15, ಜನಸಂಖ್ಯಾ ನಿಯಂತ್ರಣದ ಸಾಧನೆ 12.5, ಅರಣ್ಯ ಮತ್ತು ಪರಿಸರ 10, ತೆರಿಗೆ ಪ್ರಯತ್ನ 2.5. ಹಿಂದಿನ ಆಯೋಗದಲ್ಲಿ ಆದಾಯದ ಅಂತರಕ್ಕೆ 50 ಇತ್ತು. ತೂಕ ಇಳಿದರೂ ನಮ್ಮ ಪಾಲು ಯಾಕೆ ಬಿತ್ತು? ಅಂತರ ಅಳೆಯೋದು ತಲಾ ಆದಾಯದಲ್ಲಿ. ನಮ್ಮ ತಲಾ ಆದಾಯ ಮೇಲಿನವರ ಹತ್ತಿರ ಹೋದಂತೆ ಅಂತರ ಕಿರಿದಾಯಿತು, ಅಂತರ ಕಿರಿದಾದಷ್ಟೂ ಪಾಲು ಕಡಿಮೆ. ಹಿಂದೆ 1971ರ ಜನಗಣತಿಗೆ 17.5 ತೂಕ ಇತ್ತು, ಅದು ಹೋಗಿ ಪೂರ್ತಿ 2011ರದ್ದೇ ಆಯಿತು. ಇದರ ಜೊತೆ ಸೆಸ್, ಸರ್‌ಚಾರ್ಜ್ ಹಂಚಿಕೆಯ ಗಂಟಿಗೆ ಸೇರೋದಿಲ್ಲ ಅನ್ನೋದನ್ನೂ ಬರೆಯಿರಿ. ರಾಜ್ಯಗಳ ಒಟ್ಟು ಪಾಲು ಶೇ. 41 ಅನ್ನೋದು ಕೇಂದ್ರ ವಸೂಲಿ ಮಾಡೋ ಎಲ್ಲದರ 41 ಅಲ್ಲ. ಇದನ್ನ ಎಂಎ ಸಂದರ್ಶನದಲ್ಲೂ ಎಷ್ಟೋ ಜನ ತಪ್ಪಾಗಿ ಹೇಳ್ತಾರೆ.

ಶಿವಗಂಗೋತ್ರಿ_ಬಸ್ಸು

ಒಪ್ಪಿದೆ ಮೇಡಂ. ಆದ್ರೆ ಪ್ರಶ್ನೆ ಕೇಳಿದವರು ಎಂಎ ಅಂದಿದ್ದಾರೆ. ಐಇಎಸ್ (ಭಾರತೀಯ ಆರ್ಥಿಕ ಸೇವೆ) ಪರೀಕ್ಷೆಗೂ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು. ಆ ದಾರಿಗೆ ಎಕನಾಮೆಟ್ರಿಕ್ಸ್ ಬಿಟ್ಟು ಹೋದರೆ ಎಂಎ ಮೊದಲನೇ ಸೆಮಿಸ್ಟರ್‌ನಲ್ಲೇ ಉಸಿರು ಕಟ್ಟುತ್ತೆ.

ಮಂಡಕ್ಕಿ_ಭಟ್ಟಿ

ಐಚ್ಛಿಕ ಯಾವುದೇ ಇರಲಿ, ಮುಂದುವರಿದ ಸೂಕ್ಷ್ಮ ಅರ್ಥಶಾಸ್ತ್ರ ತಪ್ಪೋದಿಲ್ಲ. ಅಲ್ಲಿ ಲಗ್ರಾಂಜ್ (ಕೈಯಲ್ಲಿರೋ ದುಡ್ಡಿನ ಮಿತಿಯೊಳಗೆ ಗರಿಷ್ಠ ತುಷ್ಟಿ ಹುಡುಕೋ ವಿಧಾನ) ಬಂದ ಕೂಡಲೇ ಕ್ಲಾಸು ಅರ್ಧ ಖಾಲಿ ಆಗೋದು ಗೊತ್ತಿರೋ ವಿಷಯ. ಅದನ್ನ ಇಲ್ಲೇ ಮುಗಿಸಿಬಿಡೋಣ.

ತುಷ್ಟಿಗುಣ (ಯುಟಿಲಿಟಿ) = ಎಕ್ಸ್ ವರ್ಗ × ವೈ. ಎಕ್ಸ್ ಬೆಲೆ 40 ರೂ., ವೈ ಬೆಲೆ 60 ರೂ., ಕೈಯಲ್ಲಿರೋದು 1,800 ರೂ. ಎಕ್ಸ್‌ನ ಘಾತ 2, ವೈನ ಘಾತ 1. ಅಂದರೆ ಮೂರರಲ್ಲಿ ಎರಡು ಪಾಲು ದುಡ್ಡು ಎಕ್ಸ್‌ಗೆ. 1,200 ÷ 40 = 30 ಎಕ್ಸ್, 600 ÷ 60 = 10 ವೈ. ಪರೀಕ್ಷೆಯಲ್ಲಿ ಈ ಅಡ್ಡದಾರಿ ಬರೆಯಬೇಡಿ, ಪೂರ್ತಿ ಬಿಡಿಸಿ, ಉತ್ತರ ತಾಳೆ ನೋಡೋಕೆ ಮಾತ್ರ ಇದು. ಲ್ಯಾಂಬ್ಡಾ: ಎಕ್ಸ್‌ನ ಸೀಮಾಂತ ತುಷ್ಟಿಗುಣ 2 × 30 × 10 = 600, ಅದನ್ನ 40ರಿಂದ ಭಾಗಿಸಿದರೆ 15. ವೈ ಕಡೆಯಿಂದ 900 ÷ 60, ಅದೂ 15. ಎರಡು ಕಡೆಯೂ ಒಂದೇ ಬರಬೇಕು. ಕೊನೆಯ ರೂಪಾಯಿಯನ್ನ ಯಾವುದರ ಮೇಲೆ ಹಾಕಿದರೂ ಸಿಗೋ ತುಷ್ಟಿ ಸಮ ಅನ್ನೋದೇ ಇದರರ್ಥ.

ಈಗ ಬಹಳ ಜನಕ್ಕೆ ತಿಳಿಯದ ಮಾತು. ಅದೇ ಫಲನಕ್ಕೆ ಲಾಗ್ ಹಾಕಿ ಮತ್ತೆ ಬಿಡಿಸಿ. 30 ಮತ್ತು 10 ಹಾಗೇ ಬರುತ್ತೆ, ಲ್ಯಾಂಬ್ಡಾ ಮಾತ್ರ 1/600 ಆಗುತ್ತೆ. ಆಯ್ಕೆ ಬದಲಾಗಲಿಲ್ಲ, ತುಷ್ಟಿ ಅಳೆಯೋ ಅಳತೆಗೋಲು ಬದಲಾಯಿತು. ಕ್ರಮಸೂಚಕ ತುಷ್ಟಿಗುಣ (ಇಷ್ಟದ ಕ್ರಮ ಮುಖ್ಯ, ಅಳತೆ ಅಲ್ಲ) ಅಂತ ಪುಟಗಟ್ಟಲೆ ಬರೆಯೋದರ ಬದಲು ಈ ಎರಡು ಸಾಲು ಬರೆದರೆ ಮೌಲ್ಯಮಾಪಕರು ಪೆನ್ನು ನಿಲ್ಲಿಸಿ ನೋಡ್ತಾರೆ.

ಹೊಂಡದ_ಸರ್ಕಲ್

ಲಾಗ್ ಹಾಕಿ ನೋಡಿದೆ, ಹಂಗೇ ಬಂತು! ಥ್ಯಾಂಕ್ಸ್ ಅಣ್ಣ. ಪ್ರಾಜೆಕ್ಟ್ ಬಗ್ಗೆ ಯಾರಾದ್ರೂ ಹೇಳಿ. ಆವಕ ಜಾಸ್ತಿ ಆದ್ರೆ ಬೆಲೆ ಇಳಿಯುತ್ತೆ ಅಂತ ರಿಗ್ರೆಷನ್ ಹಾಕಿ ತೋರಿಸಿದರೆ ಸಾಕಲ್ವಾ?

ಚಳ್ಳಕೆರೆ_ಗಾಣ

ಸಾಲದು. ಅಲ್ಲೇ ಇರೋದು ಗುಂಡಿ.

ನಿಮ್ಮ ಹತ್ರ ಇರೋ ಒಂದೊಂದು ಚುಕ್ಕಿಯೂ ಬೇಡಿಕೆ ರೇಖೆ ಮತ್ತು ಪೂರೈಕೆ ರೇಖೆ ಕೂಡಿದ ಜಾಗ. ತಿಂಗಳಿಂದ ತಿಂಗಳಿಗೆ ಎರಡೂ ಜರುಗ್ತವೆ. ಕೊಯ್ಲಿನ ಅಕ್ಟೋಬರ್–ಡಿಸೆಂಬರ್‌ನಲ್ಲಿ ಪೂರೈಕೆ ಜರುಗುತ್ತೆ. ಕೋಳಿ ಆಹಾರ, ಸ್ಟಾರ್ಚ್, ಎಥನಾಲ್‌ನವರು ಖರೀದಿ ಹೆಚ್ಚಿಸಿದಾಗ ಬೇಡಿಕೆ ಜರುಗುತ್ತೆ. ಬೆಲೆ ಚೆನ್ನಾಗಿದೆ ಅಂತ ಗೊತ್ತಾದ ದಿನ ರೈತ ಮನೆಯಲ್ಲಿಟ್ಟ ಮಾಲು ಮಾರುಕಟ್ಟೆಗೆ ತರ್ತಾನೆ. ಆವತ್ತು ಆವಕವೂ ಜಾಸ್ತಿ, ಬೆಲೆಯೂ ಜಾಸ್ತಿ. ಆಗ ನಿಮ್ಮ ಇಳಿಜಾರು ಧನಾತ್ಮಕ ಬಂದರೆ "ಬೇಡಿಕೆ ನಿಯಮ ಸುಳ್ಳು" ಅಂತ ಬರೀತೀರಾ? ಬೆಲೆಯನ್ನ ಜರುಗಿಸಿದ್ದು ಯಾವ ಕೈ ಅಂತ ಮೊದಲು ಕೇಳಬೇಕು, ಗುಣಾಂಕ ಆಮೇಲೆ. ಎಕನಾಮೆಟ್ರಿಕ್ಸ್‌ನಲ್ಲಿ ಇದಕ್ಕೆ ಗುರುತಿಸುವಿಕೆಯ ಸಮಸ್ಯೆ ಅಂತಾರೆ. ಇಡೀ ಪತ್ರಿಕೆಯಲ್ಲಿ ಇದೊಂದು ಅರ್ಥ ಆದರೆ ಉಳಿದದ್ದು ಸಾಫ್ಟ್‌ವೇರ್ ಕೆಲಸ.

ನಮ್ಮ ಕಡೆಯ ಈರುಳ್ಳಿಗಾದ್ರೆ ಇನ್ನೊಂದು ಮಾದರಿ ಕೂರುತ್ತೆ: ಜೇಡರಬಲೆ. ಈ ವರ್ಷದ ಬೇಡಿಕೆ = 100 − 2 × ಈ ವರ್ಷದ ಬೆಲೆ. ಪೂರೈಕೆ = 10 + ಹೋದ ವರ್ಷದ ಬೆಲೆ. ಸಮತೋಲನ ಬೆಲೆ 30, ಪ್ರಮಾಣ 40. ಒಂದು ವರ್ಷ ಬೆಲೆ 36ಕ್ಕೆ ಹೋಯಿತು ಅನ್ನಿ. ಮುಂದಿನ ವರ್ಷ ಎಲ್ಲರೂ ಈರುಳ್ಳಿನೇ ಹಾಕಿ ಪೂರೈಕೆ 46, ಬೆಲೆ 27ಕ್ಕೆ ಬೀಳುತ್ತೆ. ಅದರ ಮುಂದಿನ ವರ್ಷ 37, ಬೆಲೆ 31.5. ಆಮೇಲೆ 29.25. ಕ್ರಮೇಣ ನಿಲ್ಲುತ್ತೆ. ಈಗ ಪೂರೈಕೆಯನ್ನ −20 + 2 × ಹೋದ ವರ್ಷದ ಬೆಲೆ ಅಂತ ಬದಲಿಸಿ. ಸಮತೋಲನ ಅದೇ 30, ಆದ್ರೆ ಬೆಲೆ 36, 24, 36, 24 ಅಂತ ಕುಣಿತಾನೇ ಇರುತ್ತೆ. −50 + 3 × ಬೆಲೆ ಹಾಕಿದರೆ 36, 21, 43.5 ಅಂತ ಹುಚ್ಚು ಹಿಡಿಯುತ್ತೆ. ರೈತರು ಹೋದ ವರ್ಷದ ಬೆಲೆಗೆ ಎಷ್ಟು ಜೋರಾಗಿ ಸ್ಪಂದಿಸ್ತಾರೆ ಅನ್ನೋದರ ಮೇಲೇ ಎಲ್ಲ ನಿಂತಿದೆ.

ಜೋಗಿಮಟ್ಟಿ

ಹೋದ ವರ್ಷದ ಬೆಲೆ ಒಂದನ್ನೇ ನೋಡಿ ಯಾರೂ ಬಿತ್ತಲ್ಲ. ಮಳೆ ಬಂದ ವಾರ, ಬೀಜದ ರೇಟು, ಬೋರ್‌ನಲ್ಲಿ ನೀರು, ಎಲ್ಲ ನೋಡ್ತಾರೆ. ಅದೇ ಮಾದರಿಯ ಮಿತಿ, ಬರೆಯುವಾಗ ಅದನ್ನೂ ಸೇರಿಸಿ.

ತುಂಗಭದ್ರಾ_ದಡ

ಮೆಕ್ಕೆಜೋಳಕ್ಕೆ ಬಿತ್ತನೆ ತಿಂಗಳ ಮಳೆಯನ್ನ ಸಾಧನ ಚರ (ಒಂದೇ ರೇಖೆಯನ್ನ ಜರುಗಿಸೋ ಹೊರಗಿನ ಅಂಶ) ಮಾಡಬಹುದು. ಮಳೆ ಪೂರೈಕೆಯನ್ನ ಜರುಗಿಸುತ್ತೆ, ಕೋಳಿ ಫಾರಂನವರ ಬೇಡಿಕೆಯನ್ನ ಜರುಗಿಸಲ್ಲ. ಜೂನ್–ಜುಲೈ ಮಳೆಯಿಂದ ಮೊದಲು ಆವಕ ಅಂದಾಜು, ಆ ಅಂದಾಜಿನಿಂದ ಬೆಲೆ. ಎರಡು ಹಂತದ ಕನಿಷ್ಠ ವರ್ಗ.

ಶಿವಗಂಗೋತ್ರಿ_ಬಸ್ಸು

ತರ್ಕ ಚಂದ, ಕೆಲಸ ಮಾಡಲ್ಲ. ಮಳೆ ವರ್ಷಕ್ಕೊಂದು ಅಂಕಿ. 15 ವರ್ಷದ ಮಾಹಿತಿ ಇದ್ದರೆ ನಿಮ್ಮ ಹತ್ರ ಇರೋದು 15 ಸಾಲು, ತಿಂಗಳಿಗೆ ಒಡೆದ ಮಾತ್ರಕ್ಕೆ 180 ಆಗಲ್ಲ. ಎರಡನೇದು, ಮೆಕ್ಕೆಜೋಳ ದೇಶದ ತುಂಬ ಓಡಾಡೋ ಮಾಲು. ದಾವಣಗೆರೆಯಲ್ಲಿ ಮಳೆ ಕೈಕೊಟ್ಟು ಬಿಹಾರದಲ್ಲಿ ಬೆಳೆ ಬಂದರೆ ಇಲ್ಲಿನ ಬೆಲೆ ಅಷ್ಟೇನೂ ಏರಲ್ಲ. ಮೊದಲ ಹಂತದ ಎಫ್ ಬೆಲೆ (ಮಳೆಗೂ ಆವಕಕ್ಕೂ ನಂಟು ಎಷ್ಟು ಗಟ್ಟಿ ಅನ್ನೋ ಅಳತೆ) 10ಕ್ಕಿಂತ ಕೆಳಗೆ ಬಂದರೆ ಸಾಧನ ದುರ್ಬಲ, ಎರಡನೇ ಹಂತದ ಗುಣಾಂಕ ನಂಬೋ ಹಾಗಿಲ್ಲ. ಬಿಎ ಪ್ರಾಜೆಕ್ಟ್‌ನಲ್ಲಿ ಇದನ್ನ ಮಾಡಿ ಸೋತೆವು ಅಂತ ಒಂದು ಪುಟ ಬರೆದರೆ ಚೆನ್ನ. ಗೆದ್ದೆವು ಅಂತ ಬರೆದರೆ ಅನುಮಾನ.

ತುಂಗಭದ್ರಾ_ದಡ

ಸರಿ, ಸೋತೆ 🙂 ಎಫ್ ಮಾತು ಒಪ್ಪಿದೆ.

ಮಂಡಕ್ಕಿ_ಭಟ್ಟಿ

ಅಂಕಿ ಸಂಗ್ರಹದ ಬಗ್ಗೆ. ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಸಿಗುತ್ತೆ. ಆವಕ ಟನ್‌ನಲ್ಲಿ, ಬೆಲೆ ಕ್ವಿಂಟಲ್‌ಗೆ. ಗುಣಿಸಿ ವಹಿವಾಟಿನ ಮೊತ್ತ ತೆಗೆಯುವಾಗ 10ರಿಂದ ಗುಣಿಸೋದು ಮರೆತರೆ ಹತ್ತುಪಟ್ಟು ತಪ್ಪು. ಮಾದರಿ ಬೆಲೆ ಅಂದರೆ ಸರಾಸರಿ ಅಲ್ಲ, ಆ ದಿನ ಹೆಚ್ಚು ಮಾಲು ಮಾರಾಟವಾದ ಬೆಲೆ. ತಿಂಗಳ ಬೆಲೆ ಮಾಡುವಾಗ ದಿನಗಳನ್ನ ಸುಮ್ಮನೆ ಕೂಡಿ ಭಾಗಿಸಬೇಡಿ, ಆವಕದಿಂದ ತೂಗಿ. 5 ಟನ್ ಬಂದ ದಿನಕ್ಕೂ 500 ಟನ್ ಬಂದ ದಿನಕ್ಕೂ ಒಂದೇ ಬೆಲೆ ಕೊಡಬಾರದು. ಖಾಲಿ ಇರೋ ದಿನಕ್ಕೆ ಸೊನ್ನೆ ತುಂಬೋದು ಎಲ್ಲಕ್ಕಿಂತ ಕೆಟ್ಟ ತಪ್ಪು. ಮಾರುಕಟ್ಟೆ ರಜೆ ಅಂದರೆ ಬೆಲೆ ಸೊನ್ನೆ ಅಲ್ಲವಲ್ಲ.

ಆಮೇಲೆ ಹಣದುಬ್ಬರ. ಉದಾಹರಣೆಗೆ ಬೆಲೆ 1,300ರಿಂದ 2,100ಕ್ಕೆ ಹೋಯಿತು, ಅದೇ ಅವಧಿಯಲ್ಲಿ ಬೆಲೆ ಸೂಚ್ಯಂಕ 120ರಿಂದ 180ಕ್ಕೆ. 1,300 ÷ 1.2 = 1,083; 2,100 ÷ 1.8 = 1,167. ಕಣ್ಣಿಗೆ ಕಂಡ ಏರಿಕೆ ಶೇ. 61ಕ್ಕೂ ಮೇಲೆ, ನಿಜವಾದದ್ದು ಶೇ. 8ರ ಒಳಗೆ. ಇದನ್ನ ಮಾಡದೇ ಎರಡು ಏರುತ್ತಿರೋ ಸರಣಿಗಳ ನಡುವೆ ರಿಗ್ರೆಷನ್ ಹಾಕಿದರೆ ಮೆಕ್ಕೆಜೋಳಕ್ಕೂ ಬೆಣ್ಣೆದೋಸೆಗೂ 0.9 ಆರ್-ಸ್ಕ್ವೇರ್ ಬರುತ್ತೆ. ಹುಸಿ ರಿಗ್ರೆಷನ್ ಅಂತ ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ತೋರಿಸಿಕೊಟ್ಟ ರೋಗ.

ಬೆಂಬಲ ಬೆಲೆಯ ರೇಖೆಯನ್ನೂ ಚಿತ್ರದಲ್ಲಿ ಎಳೆಯಿರಿ: 2024-25ಕ್ಕೆ 2,225 ರೂ., 2025-26ಕ್ಕೆ 2,400 ರೂ. ಮಾರುಕಟ್ಟೆ ಬೆಲೆ ಅದರ ಕೆಳಗೆ ಹೋಗಿದ್ದರೆ ಗಾಬರಿ ಬೇಡ. ಖರೀದಿಸೋರು ಇಲ್ಲದಿದ್ದರೆ ಬೆಂಬಲ ಬೆಲೆ ಬರೀ ಘೋಷಣೆ.

ಜೋಗಿಮಟ್ಟಿ

ಜಿಲ್ಲಾವಾರು ಬೆಳೆ ಅಂಕಿ ಬಳಸೋರು ಎಚ್ಚರ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಹಿಂದಿನ ಚಿತ್ರದುರ್ಗದ ಅಂಕಿಯೊಳಗೆ ದಾವಣಗೆರೆ ಇದೆ. ಚನ್ನಗಿರಿ, ಹೊನ್ನಾಳಿ ಬಂದದ್ದು ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ ಬಂದು 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ಹರಪನಹಳ್ಳಿ ಮೆಕ್ಕೆಜೋಳದ ತಾಲ್ಲೂಕು. ಅದು ಹೋದ ವರ್ಷ ದಾವಣಗೆರೆಯ ವಿಸ್ತೀರ್ಣ ದಿಢೀರ್ ಕುಸಿದದ್ದನ್ನ ನೋಡಿ "ರೈತರು ಅಡಿಕೆಗೆ ಹೊರಳಿದರು" ಅಂತ ಬರೆದರೆ ನಗೆಪಾಟಲು. ತಾಲ್ಲೂಕು ಅಂಕಿ ಕೂಡಿಸಿ ಒಂದೇ ಗಡಿಯ ಸರಣಿ ಮಾಡಿಕೊಳ್ಳಿ.

ಶಾಂತಿಸಾಗರ

ಗ್ರಾಮೀಣಾಭಿವೃದ್ಧಿ ಪತ್ರಿಕೆಯನ್ನ ಯಾರೂ ಮುಟ್ಟಲೇ ಇಲ್ಲ! ಅದನ್ನ ಯೋಜನೆಗಳ ಪಟ್ಟಿ ಮಾಡಿ ಓದಿದರೆ ನೀರಸವೇ. ಭದ್ರಾ ಕಾಲುವೆಯ ಕೊನೆ ಭಾಗ ತಗೊಂಡು ನೋಡಿ. ಮೇಲಿನವನು ಭತ್ತಕ್ಕೆ ನೀರು ನಿಲ್ಲಿಸಿಕೊಂಡರೆ ಅವನ ಮಟ್ಟಿಗೆ ಲಾಭ, ಕೊನೆಯ ಅಚ್ಚುಕಟ್ಟಿಗೆ ನೀರಿಲ್ಲ. ಹಾಗಾಗಿ ಕೊನೆಯವನು ಕಾಲುವೆ ಹೂಳು ತೆಗೆಯೋಕೆ ಬರಲ್ಲ, ಅವನು ಬರದಿದ್ದರೆ ಹೂಳು ತುಂಬಿ ಮೇಲಿನವನಿಗೂ ನಷ್ಟ. ಆಟದ ಸಿದ್ಧಾಂತದ (ಗೇಮ್ ಥಿಯರಿ) ಎರಡು ಸಾಲು ಎರಡು ಕಂಬದ ಕೋಷ್ಟಕದಲ್ಲಿ ಇದು ಕೂರುತ್ತೆ. ಕೆರೆಗಳಲ್ಲಿ ನೀರುಗಂಟಿ (ಸರದಿಯಂತೆ ನೀರು ಬಿಡೋನು) ಇದ್ದದ್ದು ಯಾಕೆ ಅನ್ನೋದಕ್ಕೆ ಉತ್ತರವೂ ಅಲ್ಲೇ ಇದೆ. 2009ರಲ್ಲಿ ಎಲಿನಾರ್ ಆಸ್ಟ್ರಮ್‌ಗೆ ನೊಬೆಲ್ ಬಂದದ್ದು ಇಂಥ ಸಾಮೂಹಿಕ ಸಂಪತ್ತಿನ ಆಡಳಿತದ ಅಧ್ಯಯನಕ್ಕೇ.

ಇನ್ನೊಂದು: ಪ್ರಾದೇಶಿಕ ಅಸಮತೋಲನದ ಬಗ್ಗೆ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕ ಇಟ್ಟು 114 ತಾಲ್ಲೂಕು ಹಿಂದುಳಿದವು ಅಂತ ಗುರುತಿಸಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಸೂಚಕಗಳಿಗೆ ಕೊಡೋ ತೂಕ ಬದಲಿಸಿದರೆ ಯಾವ ತಾಲ್ಲೂಕು ಪಟ್ಟಿಯಿಂದ ಹೊರಗೆ ಬೀಳುತ್ತೆ ಅಂತ ಲೆಕ್ಕ ಹಾಕಿ. ಒಳ್ಳೆ ಪ್ರಾಜೆಕ್ಟ್.

ಹೊಂಡದ_ಸರ್ಕಲ್

ಎಲ್ಲ ಬರೆದುಕೊಂಡೆ. ಕನ್ನಡ ಮಾಧ್ಯಮದವರಿಗೆ ಪಾರಿಭಾಷಿಕ ಪದದ ತೊಂದರೆ ಆಗುತ್ತಾ? ಮತ್ತೆ ಎಂಎ ಪ್ರವೇಶ ಪರೀಕ್ಷೆ?

ಚಳ್ಳಕೆರೆ_ಗಾಣ

ಆಗುತ್ತೆ. ಬೆಲೆ ಇಳಿದು ಹೆಚ್ಚು ಕೊಂಡರೆ ಬೇಡಿಕೆಯ ವಿಸ್ತರಣೆ, ಆದಾಯ ಏರಿ ಅದೇ ಬೆಲೆಗೆ ಹೆಚ್ಚು ಕೊಂಡರೆ ಬೇಡಿಕೆಯ ಹೆಚ್ಚಳ. ಮಾತಿನಲ್ಲಿ ಎರಡಕ್ಕೂ "ಬೇಡಿಕೆ ಜಾಸ್ತಿ ಆಯ್ತು" ಅಂತೀವಿ, ಉತ್ತರದಲ್ಲಿ ಅದನ್ನೇ ಬರೆದರೆ ರೇಖೆಯ ಮೇಲೆ ಸರಿಯಿತೋ ರೇಖೆಯೇ ಸರಿಯಿತೋ ಗೊತ್ತಾಗಲ್ಲ. ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಕೆಳಗೆ ಒಂದು ಚಿತ್ರ.

ಕೇಂದ್ರೀಯ ವಿವಿಗಳ ಪ್ರವೇಶ ಪರೀಕ್ಷೆ ಸಿಯುಇಟಿ ಪಿಜಿಯಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ. ಐಐಟಿಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಜಾಮ್‌ನಲ್ಲಿ 2021ರಿಂದ ಅರ್ಥಶಾಸ್ತ್ರ ಇದೆ, ಅಲ್ಲಿ ಗಣಿತ ಗಟ್ಟಿಯಾಗಿಯೇ ಕೇಳ್ತಾರೆ. ಹಳೆ ಪ್ರಶ್ನೆಪತ್ರಿಕೆ ತೆಗೆಯುವಾಗ ವಿವಿಯದ್ದಾದರೆ ಯಾವ ಸಿಲಬಸ್ಸು ನೋಡಿಕೊಳ್ಳಿ. 2021-22ರ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚು, 2024-25ರ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಬ್ಯಾಚು ಬೇರೆ ಬೇರೆ.

ಹೊಂಡದ_ಸರ್ಕಲ್

ಹಂಗಾದ್ರೆ ಎಕನಾಮೆಟ್ರಿಕ್ಸ್ ಬರೆದುಕೊಡ್ತೀನಿ. ಪ್ರಾಜೆಕ್ಟ್‌ಗೆ ಬೇಡಿಕೆ ರೇಖೆ ಬಿಟ್ಟು ಏನು ಕೇಳಲಿ?

ಶಿವಗಂಗೋತ್ರಿ_ಬಸ್ಸು

ಚಿಕ್ಕ ಪ್ರಶ್ನೆ ಕೇಳಿ. ನವೆಂಬರ್‌ನಲ್ಲಿ ಮಾರದೇ ಮೇ ತನಕ ಗೋದಾಮಿನಲ್ಲಿಟ್ಟರೆ ರೈತನಿಗೆ ಲಾಭವಾ? ಪ್ರತಿ ವರ್ಷದ ನವೆಂಬರ್ ಮತ್ತು ಮೇ ಬೆಲೆ ಹಾಕಿ, ನಡುವಿನ ಖರ್ಚು ಕಳೆದು ನೋಡಿದರೆ ಉತ್ತರ. ರಿಗ್ರೆಷನ್ ಬೇಕೆಂದರೆ ತಿಂಗಳಿಗೊಂದು ಡಮ್ಮಿ ಚರ (ಆ ತಿಂಗಳಾದರೆ 1, ಇಲ್ಲದಿದ್ದರೆ 0) ಹಾಕಿ. ಸ್ಥಿರಾಂಕ ಇದ್ದರೆ 12 ತಿಂಗಳಿಗೆ 11 ಡಮ್ಮಿ, 12 ಹಾಕಿದರೆ ಒಂದರೊಳಗೊಂದು ಸಿಕ್ಕಿ ಲೆಕ್ಕವೇ ಕೂರಲ್ಲ. ಗ್ರೆಟ್ಲ್ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಸಾಕು.

ಒಂದು ಸೂಕ್ಷ್ಮ ಇದೆ. ನವೆಂಬರ್ ಮಾಲು ಹಸಿ. ಶೇ. 18 ತೇವಾಂಶದ 100 ಕೆಜಿಯನ್ನ ಶೇ. 14ಕ್ಕೆ ಒಣಗಿಸಿದರೆ ಉಳಿಯೋದು 82 ÷ 0.86, ಅಂದರೆ 95.35 ಕೆಜಿ. ಹಸಿ ಕ್ವಿಂಟಲ್‌ಗೆ 2,000 ರೂ. ಅಂತ ಇಟ್ಟುಕೊಳ್ಳಿ. ಆರು ತಿಂಗಳ ಬಡ್ಡಿ ವರ್ಷಕ್ಕೆ ಶೇ. 10ರಂತೆ 100 ರೂ., ಗೋದಾಮು ಬಾಡಿಗೆ ತಿಂಗಳಿಗೆ 10ರಂತೆ 60. ಒಟ್ಟು 2,160 ರೂ. ಕೈಯಲ್ಲಿರೋದು 95.35 ಕೆಜಿ. ಒಣ ಕ್ವಿಂಟಲ್‌ಗೆ ಬೀಳೋದು 2,265. ಮೇನಲ್ಲಿ ಬೆಲೆ 2,200 ಆಯಿತು ಅಂದರೆ ಚಿತ್ರದಲ್ಲಿ ಶೇ. 10 ಏರಿಕೆ ಕಾಣುತ್ತೆ, ರೈತನ ಜೇಬಿನಲ್ಲಿ ಕ್ವಿಂಟಲ್‌ಗೆ 65 ರೂ. ನಷ್ಟ. ಹಮಾಲಿ, ಹುಳುವಿನ ನಷ್ಟ ಇದರಲ್ಲಿ ಸೇರಿಸಿಲ್ಲ.

ತುಂಗಭದ್ರಾ_ದಡ

ಬಾಡಿಗೆ, ಬಡ್ಡಿ ಎರಡನ್ನೂ ಊಹೆಗೆ ಬಿಡಬೇಡಿ. ಉಗ್ರಾಣದ ದರಪಟ್ಟಿ, ಉಗ್ರಾಣ ರಸೀದಿ ಮೇಲೆ ಸೊಸೈಟಿ ಕೊಡೋ ಸಾಲದ ಬಡ್ಡಿ ಕೇಳಿಕೊಂಡು ಬನ್ನಿ. ತೇವಾಂಶಕ್ಕೆ ಎಷ್ಟು ಕಡಿತ ಹಿಡೀತಾರೆ ಅನ್ನೋದನ್ನ ಎಪಿಎಂಸಿಯಲ್ಲಿ ಹರಾಜಿನ ಹೊತ್ತಿಗೇ ಹೋಗಿ ದಲ್ಲಾಳಿ ಅಂಗಡಿಯಲ್ಲಿ ವಿಚಾರಿಸಿ, ಮಧ್ಯಾಹ್ನದ ಮೇಲೆ ಹೋದರೆ ಯಾರೂ ಸಿಗಲ್ಲ.